ಕೊಂಬೆಗೆ ಕಾನೂನಿದೆ, ನೆರಳಿಗೆ ಇಲ್ಲ: ಬೇಲಿ ಸವರೋದು ಯಾರ ಕೆಲಸ?

ಸುಳ್ಯ ತಾಲೂಕಿನ ಮಂಡೆಕೋಲು ಅಂದ್ರೆ ಕರ್ನಾಟಕದ ಅಂಚಿನ ಊರು. ಆಚೆ ದಾಟಿದರೆ ಕಾಸರಗೋಡು ಜಿಲ್ಲೆ. ಅಡಿಕೆ, ತೆಂಗು, ರಬ್ಬರ್, ಗೇರು. ತುಳು, ಅರೆಭಾಷೆ, ಮಲಯಾಳ, ಕನ್ನಡ ಎಲ್ಲವೂ ಒಂದೇ ಓಣಿಯಲ್ಲಿ ಕೇಳಿಸುವ ಜಾಗ. ಇಲ್ಲಿ ಮನೆಗಳು ಪೇಟೆಯ ಸೈಟುಗಳ ಹಾಗೆ ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿಲ್ಲ. ಒಂದು ತೋಟ ಮೇಲೆ, ಒಂದು ತೋಟ ಕೆಳಗೆ, ನಡುವೆ ಒಂದು ದರೆ, ದರೆಯ ಮೇಲೆ ಬೇಲಿ. ಬೇಲಿ ಅಂದ್ರೆ ತಂತಿ ಮಾತ್ರ ಅಲ್ಲ, ದಾಸವಾಳ, ಗೊಬ್ಬರದ ಗಿಡ, ನಡುನಡುವೆ ತಾನೇ ಹುಟ್ಟಿದ ಹಲಸು, ಮಾವು, ಕಾಡು ಗಿಡ. ನೆಟ್ಟವರು ಯಾರು ಅಂತ ಎಷ್ಟೋ ಕಡೆ ಯಾರಿಗೂ ನೆನಪಿರುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆದು ಬಿಟ್ಟರೆ ಈ ಬೇಲಿ ಹುಚ್ಚೆದ್ದು ಬೆಳೆಯುತ್ತದೆ. ಕೊಂಬೆ ಪಕ್ಕದವರ ಕಡೆ ವಾಲುತ್ತದೆ. ಆಮೇಲೆ ಶುರುವಾಗುವುದು ಹಳೇ ಪ್ರಶ್ನೆ: ಇದನ್ನು ಸವರಬೇಕಾದವರು ಯಾರು? ನೆಟ್ಟವರಾ, ತೊಂದರೆ ಆದವರಾ? ಕಡಿದ ಸೊಪ್ಪು ಯಾರಿಗೆ? ಕೂಲಿ ಯಾರು ಕೊಡೋದು? ನಮ್ಮ ಸಂಘದಲ್ಲಿ ಆ ಕಡೆಯ ಹುಡುಗರು ಹುಡುಗಿಯರು ಇರುವುದರಿಂದ ಈ ಚರ್ಚೆ ಹಾಸ್ಟೆಲ್‌ವರೆಗೂ ಬಂದಿದೆ. ‘ಅವರದ್ದೇ ಬೇಲಿ, ಅವರೇ ಸವರಲಿ’ ಅನ್ನುವ ಒಂದು ಪಕ್ಷ. ‘ನಮ್ಮ ಜಾಗಕ್ಕೆ ಬಂದದ್ದು ನಮ್ಮದೇ, ಕಡಿದು ಹಾಕಿದರಾಯ್ತು’ ಅನ್ನುವ ಇನ್ನೊಂದು ಪಕ್ಷ. ಎರಡೂ ಅರ್ಧ ಸರಿ. ಉಳಿದರ್ಧ ಏನು ಅಂತ ನೋಡೋಣ.

ಮೊದಲು ಬುಡ ಎಲ್ಲಿದೆ ನೋಡಿ

ಗಿಡದ ಒಡೆತನ ತೀರ್ಮಾನ ಆಗುವುದು ಕೊಂಬೆಯಿಂದ ಅಲ್ಲ, ಬುಡದಿಂದ. ಕಾಂಡ ಯಾರ ನೆಲದಲ್ಲಿ ಎದ್ದಿದೆಯೋ ಗಿಡ ಅವರದ್ದು. ಕೊಂಬೆ ಹತ್ತು ಅಡಿ ಈಚೆಗೆ ಬಂದರೂ ಗಿಡ ಅವರದ್ದೇ. ಬುಡ ಸರಿಯಾಗಿ ಗಡಿಯ ಗೆರೆಯ ಮೇಲೇ ಇದ್ದರೆ ಸಾಮಾನ್ಯವಾಗಿ ಅದನ್ನು ಇಬ್ಬರಿಗೂ ಸೇರಿದ್ದು ಅಂತ ಪರಿಗಣಿಸುತ್ತಾರೆ. ಆಗ ಒಬ್ಬರೇ ನಿರ್ಧಾರ ಮಾಡಿ ಬುಡಕ್ಕೆ ಕತ್ತಿ ಹಾಕುವ ಹಾಗಿಲ್ಲ.

ಹಾಗಾದರೆ ಗಡಿ ಎಲ್ಲಿದೆ? ನಮ್ಮ ಕಡೆ ನಿಜವಾದ ಗಲಾಟೆ ಇಲ್ಲೇ ಇರುತ್ತದೆ. ದರೆ ಪ್ರತಿ ಮಳೆಗಾಲಕ್ಕೂ ಸ್ವಲ್ಪ ಸ್ವಲ್ಪ ಜರಿಯುತ್ತದೆ, ಬೇಲಿ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಬೇಲಿ ಇರುವ ಜಾಗವೇ ಗಡಿ ಅಂತ ತಿಳಿದುಕೊಂಡರೆ ತಪ್ಪಾಗಬಹುದು. ಸಂಶಯ ಇದ್ದರೆ ಕಂದಾಯ ಇಲಾಖೆಯ ಸರ್ವೆಗೆ ಹದ್ದುಬಸ್ತಿನ ಅರ್ಜಿ ಹಾಕಬಹುದು; ಸರ್ವೇಯರ್ ಬಂದು ಅಳೆದು ಗಡಿ ತೋರಿಸುತ್ತಾರೆ. ಸಿವಿಲ್ ಬ್ರಾಂಚಿನವರಿಗೆ ಇದು ಎರಡನೇ ವರ್ಷದ ಸರ್ವೇಯಿಂಗ್ ಲ್ಯಾಬೇ, ವ್ಯತ್ಯಾಸ ಇಷ್ಟೇ: ಇಲ್ಲಿ ಕ್ಲೋಸಿಂಗ್ ಎರರ್ ಬಂದರೆ ಮಾರ್ಕ್ಸ್ ಹೋಗುವುದಿಲ್ಲ, ಎರಡು ಮನೆಯ ಮಾತುಕತೆ ಹೋಗುತ್ತದೆ.

ಕರಾವಳಿಯ ಹಳೇ ಜಮೀನುಗಳಲ್ಲಿ ಇನ್ನೊಂದು ತೊಡಕಿದೆ, ಅದು ಕುಮ್ಕಿ. ವರ್ಗದ ಜಮೀನಿಗೆ ತಾಗಿದಂತೆ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಮೇವು, ಕೃಷಿಗೆ ಬೇಕಾದ ಸೌದೆ ತೆಗೆದುಕೊಳ್ಳುವ ಸವಲತ್ತು ಹಿಂದಿನಿಂದ ನಡೆದು ಬಂದಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ ಅದನ್ನು ಮುಂದುವರಿಸಿದೆ. ಆದರೆ ಸವಲತ್ತು ಬೇರೆ, ಒಡೆತನ ಬೇರೆ. ಪಕ್ಕದವರ ಕುಮ್ಕಿಯಿಂದ ನಿಮ್ಮ ತೋಟಕ್ಕೆ ಬಾಗಿರುವ ಮರ ಪಕ್ಕದವರದ್ದಲ್ಲ, ಸರಕಾರದ್ದು. ಅವರ ಹತ್ತಿರ ಜಗಳ ಆಡಿ ಪ್ರಯೋಜನ ಇಲ್ಲ.

ಸವರುವ ಜವಾಬ್ದಾರಿ ಒಬ್ಬರದ್ದು, ಸವರುವ ಹಕ್ಕು ಇಬ್ಬರದ್ದು

ಈಗ ಮುಖ್ಯ ಉತ್ತರ. ತನ್ನ ಗಿಡ ಪಕ್ಕದವರಿಗೆ ಉಪದ್ರ ಆಗದಂತೆ ನೋಡಿಕೊಳ್ಳುವುದು ಗಿಡದ ಮಾಲೀಕರ ಜವಾಬ್ದಾರಿ. ಗಡಿ ದಾಟಿ ಬಂದ ಕೊಂಬೆಯನ್ನು ಕಾನೂನು ‘ಉಪದ್ರವ’ ಅಂತ ನೋಡುತ್ತದೆ. ಅದರಿಂದ ಹಂಚು ಒಡೆದರೆ, ಬೆಳೆ ಹಾಳಾದರೆ ಪರಿಹಾರ ಕೇಳಬಹುದು. ಕೊಂಬೆ ತೆಗೆಯಿಸಿ ಅಂತ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ಸಿವಿಲ್ ನ್ಯಾಯಾಲಯದಿಂದ ಆಜ್ಞೆಯನ್ನೂ ಕೇಳಬಹುದು.

ಇದರ ಜೊತೆಗೆ ತೊಂದರೆ ಆದವರಿಗೂ ಒಂದು ಹಕ್ಕಿದೆ. ತಮ್ಮ ನೆಲದಲ್ಲೇ ನಿಂತುಕೊಂಡು, ಗಡಿಯ ಗೆರೆಯವರೆಗೆ ಮಾತ್ರ, ಈಚೆ ಬಂದ ಕೊಂಬೆಯನ್ನು ತಾವೇ ಕಡಿಯಬಹುದು. 1895ರಲ್ಲಿ ವರದಿಯಾದ ಲೆಮ್ಮನ್ ಮತ್ತು ವೆಬ್ ಪ್ರಕರಣದಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಹೇಳಿದ್ದು ಇದನ್ನೇ: ಪಕ್ಕದ ಜಾಗಕ್ಕೆ ಕಾಲಿಡದೆ ಕಡಿಯುವುದಾದರೆ ಮೊದಲೇ ನೋಟಿಸ್ ಕೊಡಬೇಕೆಂಬ ಕಡ್ಡಾಯ ಇಲ್ಲ. ಆ ಮರಗಳು ತುಂಬ ವರ್ಷಗಳಿಂದ ಹಾಗೇ ಬಾಗಿದ್ದವು ಅನ್ನುವುದೂ ಮಾಲೀಕನ ಸಹಾಯಕ್ಕೆ ಬರಲಿಲ್ಲ. ನಮ್ಮ ನ್ಯಾಯಾಲಯಗಳೂ ಇದೇ ತತ್ವದ ದಾರಿಯಲ್ಲಿ ನಡೆದಿವೆ.

ಆದರೆ ‘ಗೆರೆಯವರೆಗೆ ಮಾತ್ರ’ ಅನ್ನುವ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅವರ ಕಡೆ ಹತ್ತಿ ಕಡಿದರೆ ಅದು ಅತಿಕ್ರಮ ಪ್ರವೇಶ. ಗೆರೆಯಿಂದ ಎರಡಡಿ ಆಚೆಗೆ ‘ಚಂದ ಕಾಣಲಿ’ ಅಂತ ಕಡಿದರೆ ಆ ನಷ್ಟಕ್ಕೆ ನೀವೇ ಹೊಣೆ. ಬುಡಕ್ಕೆ ಮದ್ದು ಹೊಯ್ಯುವ ಬುದ್ಧಿವಂತಿಕೆಯಂತೂ ಬೇಡವೇ ಬೇಡ. ದೊಡ್ಡ ಮರವಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಶ್ನೆಯೂ ಬರುತ್ತದೆ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಎಲ್ಲದಕ್ಕೂ ಇಲ್ಲ. ಕತ್ತಿ ಹಾಕುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳುವುದು ಕ್ಷೇಮ.

‘ಇಪ್ಪತ್ತು ವರ್ಷದಿಂದ ಸುಮ್ಮನಿದ್ದೀರಿ, ಈಗ ಕೇಳುವ ಹಾಗಿಲ್ಲ’ ಅನ್ನುವ ವಾದ ಹಳ್ಳಿಯಲ್ಲಿ ಆಗಾಗ ಕೇಳಿಸುತ್ತದೆ. ನಡೆದಾಡುವ ದಾರಿಗೆ, ನೀರಿನ ಕಣಿಗೆ ಇಪ್ಪತ್ತು ವರ್ಷದ ಬಳಕೆಯಿಂದ ಹಕ್ಕು ಹುಟ್ಟಬಹುದು, ನಿಜ. ಕೊಂಬೆ ಹಾಗಲ್ಲ. ಅದು ದಿನಾ ಬೆಳೆಯುತ್ತದೆ, ನಿನ್ನೆ ಇದ್ದಷ್ಟೇ ಇವತ್ತು ಇರುವುದಿಲ್ಲ. 1963ರ ಕಾಲಮಿತಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಮುಂದುವರಿಯುತ್ತಲೇ ಇರುವ ತಪ್ಪಿಗೆ ಕಾಲಮಿತಿ ಕ್ಷಣಕ್ಷಣಕ್ಕೂ ಹೊಸದಾಗಿ ಶುರುವಾಗುತ್ತದೆ. ಆದ್ದರಿಂದ ತಾಳ್ಮೆಯಿಂದ ಇದ್ದವರಿಗೆ ಕಾನೂನು ಶಿಕ್ಷೆ ಕೊಡುವುದಿಲ್ಲ.

ಕಡಿದ ಸೊಪ್ಪು, ಬಿದ್ದ ಹಲಸು

ಇದು ತಮಾಷೆಯ ಪ್ರಶ್ನೆ ಅಲ್ಲ. ಗೊಬ್ಬರದ ಗಿಡದ ಎಲೆ ಸಾರಜನಕ ತುಂಬಿದ ಹಸಿರು ಗೊಬ್ಬರ, ಅಡಿಕೆಯ ಬುಡಕ್ಕೆ ಹಾಕುವ ವಸ್ತು. ಇಂಗ್ಲೆಂಡಿನಲ್ಲಿ 1919ರ ಮಿಲ್ಸ್ ಮತ್ತು ಬ್ರೂಕರ್ ಪ್ರಕರಣದಲ್ಲಿ ಒಬ್ಬರು ತಮ್ಮ ಕಡೆ ಚಾಚಿದ್ದ ಸೇಬಿನ ಕೊಂಬೆಯ ಹಣ್ಣು ಕಿತ್ತು ಮಾರಿಬಿಟ್ಟರು. ಕೊಂಬೆ ಕಡಿಯುವ ಹಕ್ಕಿದೆ, ಹಣ್ಣು ಇಟ್ಟುಕೊಳ್ಳುವ ಹಕ್ಕಿಲ್ಲ ಅಂತ ತೀರ್ಪಾಯಿತು. ಅಂದರೆ ಕಡಿದ ಸೊಪ್ಪು, ಹಣ್ಣು ಗಿಡದ ಮಾಲೀಕರದ್ದು.

ಬೇರೆ ದೇಶಗಳಲ್ಲಿ ಲೆಕ್ಕ ಬೇರೆ. ಜರ್ಮನಿಯ ಸಿವಿಲ್ ಸಂಹಿತೆಯಲ್ಲಿ ಪಕ್ಕದ ನೆಲಕ್ಕೆ ತಾನಾಗಿ ಬಿದ್ದ ಹಣ್ಣು ಆ ನೆಲದವರದ್ದು. ಫ್ರಾನ್ಸಿನಲ್ಲೂ ಹಾಗೇ, ಆದರೆ ಅಲ್ಲಿ ಬೇರನ್ನು ನೀವೇ ಕಡಿಯಬಹುದು, ಕೊಂಬೆಯನ್ನು ಮಾಲೀಕರಿಂದಲೇ ಕಡಿಸಬೇಕು. ಜಪಾನಿನಲ್ಲೂ ಕೊಂಬೆಗೆ ಇದೇ ನಿಯಮ ಇತ್ತು. ಹಳ್ಳಿಗಳು ಖಾಲಿಯಾಗಿ, ಮಾಲೀಕರು ಎಲ್ಲಿದ್ದಾರೆ ಅಂತಲೇ ಗೊತ್ತಾಗದ ಮನೆ ಜಮೀನುಗಳು ಹೆಚ್ಚಿದ ಮೇಲೆ ಅಲ್ಲಿ ಕಾನೂನು ಬದಲಾಯಿತು. 2023ರ ಏಪ್ರಿಲ್‌ನಿಂದ, ಹೇಳಿದರೂ ಸಮಯದೊಳಗೆ ಕಡಿಯದಿದ್ದರೆ, ಮಾಲೀಕರು ಪತ್ತೆಯಾಗದಿದ್ದರೆ, ಅಥವಾ ತುರ್ತಿದ್ದರೆ ಪಕ್ಕದವರೇ ಕಡಿಯಬಹುದು. ಇದನ್ನು ಓದುವಾಗ ನಮ್ಮ ಕಡೆಯ ಬೀಗ ಹಾಕಿದ ಮನೆಗಳು ನೆನಪಾಗದೆ ಇರುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ. ಬೇಲಿ ಮಾತ್ರ ಊರಿನಲ್ಲೇ ಬೆಳೆಯುತ್ತಿರುತ್ತದೆ. ನಾಳೆ ಆ ದೂರದ ಮಾಲೀಕರು ನಾವೇ ಆಗಿರುತ್ತೇವೆ, ಇದನ್ನು ಓದುತ್ತಿರುವ ನಮ್ಮಲ್ಲೇ ಹೆಚ್ಚಿನವರು.

ನೆರಳಿನ ಲೆಕ್ಕ

ಈಗ ಕಾನೂನು ಕೈಬಿಡುವ ಜಾಗಕ್ಕೆ ಬರೋಣ. ಅಡಿಕೆ ಕೊಯ್ಲು ಆದ ಮೇಲೆ ಚಾಲಿ ಮಾಡಲು ಅಂಗಳದಲ್ಲಿ ಸುಮಾರು 40 ದಿನ ಒಣಗಿಸಬೇಕು. ಆ ಬಿಸಿಲೇ ವರ್ಷದ ಆದಾಯ. ಸರಿಯಾಗಿ ಒಣಗದ ಅಡಿಕೆಗೆ ಬೂಸ್ಟು ಹಿಡಿಯುತ್ತದೆ, ದರ ಇಳಿಯುತ್ತದೆ.

ಮಂಡೆಕೋಲಿನ ಅಕ್ಷಾಂಶ ಸುಮಾರು 12.5 ಡಿಗ್ರಿ ಉತ್ತರ. ಡಿಸೆಂಬರ್ ಕೊನೆಯಲ್ಲಿ ಸೂರ್ಯ 23.5 ಡಿಗ್ರಿ ದಕ್ಷಿಣಕ್ಕೆ ಇರುತ್ತಾನೆ. ನಡುಮಧ್ಯಾಹ್ನ ಅವನ ಎತ್ತರ 90 − 12.5 − 23.5, ಅಂದರೆ 54 ಡಿಗ್ರಿ. ಅಂಗಳದ ದಕ್ಷಿಣಕ್ಕೆ 6 ಮೀಟರ್ ಎತ್ತರದ ಬೇಲಿ ಇದ್ದರೆ ನೆರಳಿನ ಉದ್ದ 6 ಭಾಗಿಸು ಟ್ಯಾನ್ 54, ಸುಮಾರು 4.4 ಮೀಟರ್. ಸಂಜೆ 4 ಗಂಟೆಗೆ ಸೂರ್ಯ ನೈಋತ್ಯದಲ್ಲಿ 27 ಡಿಗ್ರಿಗೆ ಇಳಿದಿರುತ್ತಾನೆ. ಅದೇ ಬೇಲಿಯ ನೆರಳು ಈಶಾನ್ಯಕ್ಕೆ ಸುಮಾರು 12 ಮೀಟರ್ ಚಾಚುತ್ತದೆ. ಜೂನ್‌ನಲ್ಲಿ ನೋಡಿ: ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೇ ಹೋಗಿರುತ್ತಾನೆ, ಎತ್ತರ 79 ಡಿಗ್ರಿ, ನೆರಳು 1.2 ಮೀಟರ್, ಅದೂ ದಕ್ಷಿಣಕ್ಕೆ. ಅಂದರೆ ಮಳೆಗಾಲದಲ್ಲಿ ಯಾರ ಗಮನಕ್ಕೂ ಬಾರದ ಬೇಲಿ, ಬಿಸಿಲು ಬೇಕಾದ ಡಿಸೆಂಬರ್‌ನಲ್ಲೇ ಅಂಗಳ ನುಂಗುತ್ತದೆ. ದಕ್ಷಿಣದ ಬೇಲಿಯನ್ನು 3 ಮೀಟರಿಗೆ ಇಳಿಸಿದರೆ ಎಲ್ಲ ನೆರಳೂ ನೇರ ಅರ್ಧ. ಉತ್ತರದ ಬೇಲಿಯನ್ನು ಎಷ್ಟು ಸವರಿದರೂ ಚಾಲಿಗೆ ಏನೂ ಲಾಭ ಇಲ್ಲ.

ಈ ನೆರಳಿಗೆ ಕಾನೂನು ಏನನ್ನುತ್ತದೆ? 1882ರ ಈಸ್‌ಮೆಂಟ್ ಕಾಯ್ದೆ ಮೊದಲ ದಿನ, ಅಂದರೆ ಜುಲೈ 1ರಿಂದಲೇ ಮದ್ರಾಸ್ ಪ್ರಾಂತ್ಯಕ್ಕೆ ಅನ್ವಯವಾಯಿತು. ಆಗ ದಕ್ಷಿಣ ಕನ್ನಡ, ಕಾಸರಗೋಡು ಎರಡೂ ಆ ಪ್ರಾಂತ್ಯದಲ್ಲೇ ಇದ್ದವು. ಅದರ 15ನೇ ಸೆಕ್ಷನ್ ಪ್ರಕಾರ ಕಟ್ಟಡಕ್ಕೆ ಇಪ್ಪತ್ತು ವರ್ಷದಿಂದ ಬರುತ್ತಿದ್ದ ಬೆಳಕಿಗೆ ಹಕ್ಕು ಹುಟ್ಟುತ್ತದೆ. ಆದರೆ 17ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ: ತೆರೆದ ನೆಲಕ್ಕೆ ಬರುವ ಬೆಳಕು, ಗಾಳಿಗೆ ಅಂಥ ಹಕ್ಕು ಹುಟ್ಟುವುದಿಲ್ಲ. ಅಂಗಳ ತೆರೆದ ನೆಲ. ಕೊಂಬೆ ಗೆರೆ ದಾಟಿದರೆ ಕಡಿಯಬಹುದು. ಗೆರೆಯ ಆಚೆಗೇ ನೆಟ್ಟಗೆ ನಿಂತು ನೆರಳು ಮಾತ್ರ ಕಳಿಸುವ ಗಿಡಕ್ಕೆ ನೀವು ಏನೂ ಮಾಡುವ ಹಾಗಿಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕೂ ದಾರಿ ಮಾಡಿದ್ದಾರೆ. 2003ರ ಒಂದು ಕಾಯ್ದೆಯಲ್ಲಿ 2 ಮೀಟರಿಗಿಂತ ಎತ್ತರದ, ಸದಾ ಹಸಿರಾಗಿರುವ ಬೇಲಿ ಮನೆಯವರಿಗೆ ತೊಂದರೆ ಕೊಟ್ಟರೆ ಸ್ಥಳೀಯ ಆಡಳಿತಕ್ಕೆ ದೂರು ಕೊಡಬಹುದು. ನಮ್ಮಲ್ಲಿ ಅಂಥದ್ದಿಲ್ಲ. ಕೊಂಬೆಗಿಂತ ನೆರಳಿನ ನಷ್ಟವೇ ದೊಡ್ಡದಾಗಿರುವ ಊರಿನಲ್ಲಿ ನೆರಳಿಗೆ ಕಾನೂನೇ ಇಲ್ಲ. ಅಲ್ಲಿ ಉಳಿಯುವುದು ನೆರೆಕರೆ ಮಾತ್ರ. ಕೊಂಬೆಯ ವಿಷಯದಲ್ಲಿ ‘ನನ್ನ ಹಕ್ಕು’ ಅಂತ ಮುಖ ಮುರಿದುಕೊಂಡವರು ನೆರಳಿನ ವಿಷಯದಲ್ಲಿ ಯಾವ ಮುಖ ಇಟ್ಟುಕೊಂಡು ಕೇಳಲು ಹೋಗುತ್ತಾರೆ?

ನೆರಳು ಬೇಕಾಗುವುದೂ ಇದೆ

ಇನ್ನೊಂದು ಮಗ್ಗುಲನ್ನೂ ನೋಡಬೇಕು. ದಕ್ಷಿಣ ಮತ್ತು ಪಶ್ಚಿಮದ ಬಿಸಿಲಿಗೆ ಅಡಿಕೆಯ ಕಾಂಡ ಸುಟ್ಟು ಸೀಳುತ್ತದೆ. ಅದಕ್ಕೇ ತೋಟದ ದಕ್ಷಿಣ, ಪಶ್ಚಿಮದ ಅಂಚಿಗೆ ಬೇಗ ಬೆಳೆಯುವ ಮರ ನೆಡಿ ಅಂತ ಅಡಿಕೆ ಕೃಷಿಯ ಶಿಫಾರಸೇ ಇದೆ. ಇತ್ತ ಮಳೆಗಾಲದಲ್ಲಿ ಗಾಳಿ ಬೆಳಕು ಇಲ್ಲದೆ ತೇವ ನಿಂತರೆ ಕೊಳೆರೋಗಕ್ಕೆ, ಅಂದರೆ ನಮ್ಮ ಕಡೆಯ ಮಹಾಳಿಗೆ, ಅನುಕೂಲ. ಒಂದೇ ಬೇಲಿ ಅಂಗಳಕ್ಕೆ ಶತ್ರು, ತೋಟದ ಅಂಚಿಗೆ ಮಿತ್ರ, ಮಳೆಗಾಲದಲ್ಲಿ ಮತ್ತೆ ಶತ್ರು. ಆಪ್ಟಿಮೈಸೇಶನ್ ಅಂತ ನಾವು ಪರೀಕ್ಷೆಗೆ ಓದುವುದನ್ನು ರೈತರು ಕತ್ತಿ ಹಿಡಿದು ಮಾಡುತ್ತಾರೆ. ಆದ್ದರಿಂದ ‘ಪೂರಾ ಬೋಳಿಸಿಬಿಡಿ’ ಅನ್ನುವುದು ನಿಮಗೇ ನಷ್ಟ ಆಗಬಹುದು. ಯಾವ ಭಾಗ, ಯಾವ ತಿಂಗಳು, ಎಷ್ಟು ಎತ್ತರ ಅಂತ ಹೇಳಿ ಕೇಳಬೇಕು.

ತಂತಿ ಇದ್ದಲ್ಲಿ ಕೈ ಹಾಕಬೇಡಿ

ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿದ್ದರೆ ಅದು ನಿಮ್ಮ ಕೆಲಸವೂ ಅಲ್ಲ, ಪಕ್ಕದವರ ಕೆಲಸವೂ ಅಲ್ಲ. ಮೆಸ್ಕಾಂಗೆ ಹೇಳಿ, ಲೈನ್ ಆಫ್ ಮಾಡಿಸಿ ಅವರಿಂದಲೇ ತೆಗೆಸಿ. 2003ರ ವಿದ್ಯುತ್ ಕಾಯ್ದೆಯ 68ನೇ ಸೆಕ್ಷನ್‌ನಲ್ಲಿ ಲೈನಿಗೆ ಅಡ್ಡಿಯಾಗುವ ಮರ ತೆಗೆಸುವ ವ್ಯವಸ್ಥೆ ಇದೆ. ಲೈನ್ ಎಳೆಯುವ ಮೊದಲೇ ಇದ್ದ ಮರವಾದರೆ ಪರಿಹಾರದ ಮಾತೂ ಇದೆ. ದೋಟಿಯಿಂದ ಒಂದು ಕೈ ನೋಡೋಣ ಅನ್ನುವವರಿಗೆ ಗಟ್ಟಿಯಾಗಿ ಹೇಳಬೇಕು: ಅಲ್ಯೂಮಿನಿಯಂ ದೋಟಿ ವಾಹಕ. ಹಗುರ ಅಂತ ಈಗ ಜನ ಮೆಚ್ಚುವ ಕಾರ್ಬನ್ ಫೈಬರ್ ದೋಟಿಯೂ ವಾಹಕ. ‘ಲೋಹ ಅಲ್ಲ, ಆದ್ದರಿಂದ ಶಾಕ್ ಹೊಡೆಯಲ್ಲ’ ಅನ್ನುವ ತಪ್ಪು ಕಲ್ಪನೆ ಜೀವ ತೆಗೆಯುತ್ತದೆ. ಇಲೆಕ್ಟ್ರಿಕಲ್ ಬ್ರಾಂಚಿನವರು ರಜೆಗೆ ಹೋದಾಗ ಮನೆಯಲ್ಲಿ ಈ ಒಂದು ಮಾತು ಹೇಳಿದರೂ ಓದಿದ್ದಕ್ಕೆ ಸಾರ್ಥಕ.

ಮಂಡೆಕೋಲಿನ ಕಡೆ ಆನೆ ಕಾಟ ಇರುವುದರಿಂದ ಸೋಲಾರ್ ಬೇಲಿಯ ವಿಷಯವೂ ಬರುತ್ತದೆ. ಅದು ಸೆಕೆಂಡಿಗೊಮ್ಮೆ ಎಂಬಂತೆ ಕೆಲವು ಸಾವಿರ ವೋಲ್ಟಿನ ಚಿಕ್ಕ ಪಲ್ಸ್ ಕಳಿಸುತ್ತದೆ. ಹಸಿ ಎಲೆ, ಬಳ್ಳಿ ತಂತಿಗೆ ತಾಗಿದರೆ ಪ್ರತಿ ಎಲೆಯೂ ಭೂಮಿಗೆ ಒಂದು ಸಣ್ಣ ಸೋರುದಾರಿ. ನೂರಾರು ಎಲೆ ಪ್ಯಾರಲಲ್ ಆಗಿ ಸೇರಿದರೆ ವೋಲ್ಟೇಜ್ ಬೀಳುತ್ತದೆ. ಒಬ್ಬರು ಸವರದ ಜೀವಬೇಲಿಯಿಂದ ಇಡೀ ಸಾಲಿನ ತೋಟಗಳ ರಕ್ಷಣೆ ಕುಂದುತ್ತದೆ. ಇಲ್ಲಿ ಜವಾಬ್ದಾರಿಯನ್ನು ಗೆರೆ ಎಳೆದು ಹಂಚಲು ಆಗುವುದೇ ಇಲ್ಲ. ಸಾಲಿನವರೆಲ್ಲ ಸರದಿ ಹಾಕಿಕೊಳ್ಳಬೇಕು.

ಮರವೇ ಬೀಳುವ ಹಾಗಿದ್ದರೆ

ಬೇಲಿಯಲ್ಲಿ ಬೆಳೆದ ಮರ ಮನೆಯ ಮೇಲೆ ಬೀಳುವ ಸ್ಥಿತಿಯಲ್ಲಿದ್ದರೆ ಕಾಯುತ್ತಾ ಕೂರಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ (ಹಳೆಯ ದಂಡಪ್ರಕ್ರಿಯಾ ಸಂಹಿತೆಯ 133) ಪ್ರಕಾರ ಬಿದ್ದು ಅಪಾಯ ಮಾಡಬಹುದಾದ ಮರವನ್ನು ತೆಗೆಯುವಂತೆ ಕಾರ್ಯನಿರ್ವಾಹಕ ದಂಡಾಧಿಕಾರಿ ಮಾಲೀಕರಿಗೆ ಆದೇಶ ಕೊಡಬಹುದು. ಸುಳ್ಯದವರಿಗೆ ಉಪವಿಭಾಗದ ಕಚೇರಿ ಪುತ್ತೂರಿನಲ್ಲಿದೆ. ಗಡಿಯ ಆಚೆ ಕೇರಳದಲ್ಲಿ ಈ ಕೆಲಸ ಇನ್ನೂ ಹತ್ತಿರ: 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ 238ನೇ ಸೆಕ್ಷನ್‌ನಡಿ ಗ್ರಾಮ ಪಂಚಾಯತಿಯೇ ಅಪಾಯದ ಮರ, ಕೊಂಬೆಗೆ ನೋಟಿಸ್ ಕೊಡಬಹುದು. ಒಂದೇ ಮಳೆ, ಒಂದೇ ಮಣ್ಣು, ಒಂದೇ ಜಾತಿಯ ಮರ. ಗಡಿ ಕಲ್ಲಿನ ಆಚೀಚೆ ಹೋಗುವ ಕಚೇರಿ ಬೇರೆ.

ಹಾಗಾದರೆ ಮಾಡೋದೇನು?

ಮೊದಲು ಹೋಗಿ ಮಾತಾಡಿ. ನೋಟಿಸ್ ಕಡ್ಡಾಯ ಅಲ್ಲ ಅಂದ ಮಾತ್ರಕ್ಕೆ ಹೇಳದೆ ಕಡಿಯಬೇಕು ಅಂತಿಲ್ಲ. ‘ನಿಮ್ಮ ಬೇಲಿಯಿಂದ ತೊಂದರೆ’ ಅನ್ನುವ ಬದಲು ‘ದೀಪಾವಳಿ ಕಳೆದು ಅಡಿಕೆ ಹಾಕ್ತೇವೆ, ಅದರ ಮೊದಲು ಈ ನಾಲ್ಕು ಗಿಡ ಆಳೆತ್ತರಕ್ಕೆ ಇಳಿಸೋಣವಾ’ ಅಂತ ಕೇಳಿದರೆ ಉತ್ತರವೇ ಬೇರೆ ಬರುತ್ತದೆ. ಗಡಿ ಸ್ಪಷ್ಟ ಇಲ್ಲದಿದ್ದರೆ ಇಬ್ಬರೂ ನಿಂತು ಒಂದು ಹಗ್ಗ ಕಟ್ಟಿ. ಕೂಲಿ ಅರ್ಧರ್ಧ, ಸೊಪ್ಪು ಗಿಡದವರಿಗೆ. ಅಥವಾ ಕೂಲಿ ನಿಮ್ಮದು, ಸೊಪ್ಪೂ ನಿಮ್ಮದು. ಎರಡರಲ್ಲಿ ಯಾವುದಾದರೂ ಸರಿ, ಕಡಿಯುವ ಮೊದಲು ಹೇಳಿಕೊಂಡಿರಬೇಕು ಅಷ್ಟೇ.

ಕೊಂಬೆ ದಪ್ಪ ಇದ್ದರೆ ಮೂರು ಹಂತದಲ್ಲಿ ಕಡಿಯಿರಿ. ಚಾಚಿದ ಕೊಂಬೆ ಒಂದು ಕ್ಯಾಂಟಿಲಿವರ್. ಮೇಲಿನಿಂದ ಒಂದೇ ಏಟಿಗೆ ಕಡಿದರೆ ಅರ್ಧ ಕಡಿದಾಗಲೇ ಭಾರಕ್ಕೆ ಮುರಿದು, ಕಾಂಡದ ಸಿಪ್ಪೆಯನ್ನು ಉದ್ದಕ್ಕೆ ಸೀಳಿಕೊಂಡು ಹೋಗುತ್ತದೆ. ಮೊದಲು ಕೆಳಗಿನಿಂದ ಸ್ವಲ್ಪ ಗರಗಸ ಹಾಕಿ, ಆಮೇಲೆ ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕಡಿದು ಭಾರ ಇಳಿಸಿ, ಕೊನೆಗೆ ಉಳಿದ ತುಂಡನ್ನು ನಯವಾಗಿ ತೆಗೆಯಿರಿ. ಈ ಕೊನೆಯ ಹಂತ ಗೆರೆಯ ಈಚೆಗಿದ್ದರೆ ಮಾತ್ರ ನಿಮ್ಮದು, ಆಚೆಗಿದ್ದರೆ ಅವರದ್ದು.

ಮುಂದಿನ ರಜೆಗೆ ಊರಿಗೆ ಹೋದಾಗ ಫೋನಿನ ದಿಕ್ಸೂಚಿ ತೆಗೆದು ಅಂಗಳದ ದಕ್ಷಿಣ ಯಾವ ಕಡೆ ಅಂತ ನೋಡಿ. ಅಲ್ಲಿ ಪಕ್ಕದವರ ಬೇಲಿ ಇದ್ದರೆ ಅಕ್ಟೋಬರ್ ಒಳಗೆ ಹೋಗಿ ಮಾತಾಡಿ. ಹಾಗೆಯೇ ನಿಮ್ಮ ಬೇಲಿ ಯಾರ ಅಂಗಳದ ದಕ್ಷಿಣಕ್ಕಿದೆ ಅಂತಲೂ ನೋಡಿ. ಅದನ್ನು ಅವರು ಕೇಳುವವರೆಗೆ ಕಾಯಬೇಕಾಗಿಲ್ಲ.